ಮೈಕಿನವರಿಗೆ ಒಂದು ಗಂಟೆ

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕಡೆ ರಾಮನವಮಿ, ಗಣೇಶೋತ್ಸವ ಬಂತೆಂದರೆ ಪೆಂಡಾಲು ಹಾಕಿ ಸಂಗೀತ ಕಛೇರಿ ಇಡಿಸುವ ರೂಢಿ ಇನ್ನೂ ಗಟ್ಟಿಯಾಗಿದೆ. ಕಛೇರಿ ಕೇಳಿ ಬರೆಯುವ ನಾವು ರಾಗ, ತಾಳ, ಪಕ್ಕವಾದ್ಯದ ಬಗ್ಗೆ ಬರೆಯುತ್ತೇವೆ. ಆ ನಾದ ಕಿವಿಗೆ ಮುಟ್ಟಿದ ಬಗೆಯನ್ನು ಬರೆಯುವುದಿಲ್ಲ. ಮೈಕು ಕುಯ್ ಎಂದಾಗ ಮಾತ್ರ ಇಡೀ ಸಭೆ ಮಿಕ್ಸರ್ ಕಡೆ ತಿರುಗಿ ನೋಡುತ್ತದೆ.

ನನ್ನ ತಕರಾರು ಇರುವುದು ವ್ಯವಸ್ಥಾಪಕರ ಮೇಲೆ. ಶಾಮಿಯಾನ, ಕುರ್ಚಿ, ಪಾತ್ರೆಗಳ ಪಟ್ಟಿಯಲ್ಲೇ ಸೌಂಡನ್ನೂ ಬರೆದು ಬಾಡಿಗೆಗೆ ತರಿಸುತ್ತಾರೆ. ಸೌಂಡಿನವರು ಮಧ್ಯಾಹ್ನವೇ ಬಂದು ಪೆಟ್ಟಿಗೆ ಇಳಿಸಿ, ಕೇಬಲ್ ಎಳೆದು ಕಾಯುತ್ತಾರೆ. ಆರು ಗಂಟೆಯ ಕಛೇರಿಗೆ ಕಲಾವಿದರು ಬರುವುದು ಐದು ನಿಮಿಷ ಇರುವಾಗ. ಹೀಗಾಗಿ ವರ್ಣವೇ ಸೌಂಡ್ ಚೆಕ್ ಆಗಿಬಿಡುತ್ತದೆ. ಹಾಡುವವರು ಬೆರಳೆತ್ತಿ ತಮ್ಮತ್ತ ತಿರುಗಿಸಿಟ್ಟ ಸ್ಪೀಕರ್, ಅಂದರೆ ಮಾನಿಟರ್, ಜಾಸ್ತಿ ಮಾಡಿಸುತ್ತಾರೆ. ಅದರಲ್ಲಿ ತಮ್ಮದು ಮುಳುಗಿತೆಂದು ಮೃದಂಗದವರೂ ಬೆರಳೆತ್ತುತ್ತಾರೆ, ಆಮೇಲೆ ಪಿಟೀಲಿನವರು. ಮಾನಿಟರಿನ ಸದ್ದು ಮತ್ತೆ ಮೈಕಿನೊಳಕ್ಕೇ ಹೊಕ್ಕು ಸುತ್ತತೊಡಗಿದಾಗ ಆ ಕುಯ್ ಹುಟ್ಟುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದರೆ ಕುಯ್ ಎನ್ನಿಸದೆ ಸದ್ದು ಏರಿಸುವ ಅವಕಾಶ ಸುಮಾರು 3 ಡೆಸಿಬೆಲ್‌ನಷ್ಟು ಕೈತಪ್ಪುತ್ತದೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧಕ್ಕೆ ಇಳಿದರೆ ಸುಮಾರು 6 ಡೆಸಿಬೆಲ್ ಸಿಗುತ್ತದೆ. ಇದನ್ನು ತಾಳ್ಮೆಯಿಂದ ಕಲಾವಿದರಿಗೆ ಹೇಳಲು ಸೌಂಡಿನವರಿಗೆ ಸಮಯವನ್ನೇ ಕೊಟ್ಟಿರುವುದಿಲ್ಲ.

ಅಷ್ಟರಲ್ಲಿ ಸಮಿತಿಯವರೊಬ್ಬರು ಓಡಿ ಬರುತ್ತಾರೆ: "ಹಿಂದ್ಗಡೆ ಏನೂ ಕೇಳಿಸ್ತಿಲ್ಲ, ಜಾಸ್ತಿ ಮಾಡ್ರೀ!" ಜಾಸ್ತಿ ಮಾಡಿದರೆ ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಪೆಂಡಾಲಿನ ನಡುವೆ ಇನ್ನೊಂದು ಜೊತೆ ಸ್ಪೀಕರ್ ನಿಲ್ಲಿಸುವುದೇ ಸರಿಯಾದ ದಾರಿ. ಆದರೆ ವೇದಿಕೆಯ ಸದ್ದು 30 ಮೀಟರ್ ದಾಟಿ ಬರಲು ಸುಮಾರು 90 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟೇ ತಡವಾಗಿ ಆ ಸ್ಪೀಕರ್ ನುಡಿಯುವಂತೆ ಹೊಂದಿಸದಿದ್ದರೆ ಸಾಹಿತ್ಯ ಎರಡೆರಡು ಸಲ ಕೇಳಿಸುತ್ತದೆ. ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರದಂಥ ಮುಚ್ಚಿದ ಸಭಾಂಗಣದಲ್ಲಿ ಕಷ್ಟವೇ ಬೇರೆ: ಖಾಲಿ ಕುರ್ಚಿಗಳ ಮುಂದೆ ಹೊಂದಿಸಿದ್ದು ಜನ ತುಂಬಿದ ಮೇಲೆ ಬದಲಾಗುತ್ತದೆ, ಮನುಷ್ಯರ ಮೈ, ಬಟ್ಟೆ ತಾರಕದ ನಾದವನ್ನು ಹೀರಿಕೊಳ್ಳುತ್ತವೆ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಈ ನಿಯಮ ಬೇಕು, ಪಕ್ಕದ ಮನೆಯಲ್ಲಿ ಹಸುಗೂಸು ಮಲಗಿರುತ್ತದೆ. ಆದರೆ ಸನ್ಮಾನ, ಶಾಲು, ಭಾಷಣಗಳಲ್ಲಿ ಮುಕ್ಕಾಲು ಗಂಟೆ ಕಳೆದು ಕಛೇರಿ ತಡವಾದಾಗ ಪೊಲೀಸರು ಬಂದು ನಿಲ್ಲುವುದು ಭಾಷಣಕಾರರ ಎದುರಲ್ಲ, ಮಿಕ್ಸರಿನ ಎದುರು.

ಒಮ್ಮೆ ಕೆಂಗೇರಿ ಉಪನಗರದ ಪೆಂಡಾಲೊಂದರಲ್ಲಿ ಕಲಾವಿದರು ಮುಂಚೆಯೇ ಬಂದಿದ್ದರು. ಸೌಂಡಿನ ಹುಡುಗ ವೇದಿಕೆ ಹತ್ತಿ ಗಾಯಕಿಯ ಮೈಕನ್ನು ಹತ್ತಿರ ಸರಿಸಿದ, ಮೃದಂಗದ ಎರಡೂ ಮುಖ ನುಡಿಸಿ ಕೇಳಿದ, ಒಂದು ಮಾನಿಟರನ್ನೇ ತೆಗೆದಿಟ್ಟ. ಅಂದು ಸದ್ದು ಕಡಿಮೆಯಿತ್ತು, ಆದರೂ ಕೊನೆಯ ಸಾಲಿನಲ್ಲಿ ಕೂತ ನನಗೆ ತಂಬೂರಿಯ ಶ್ರುತಿ ಕೇಳಿಸುತ್ತಿತ್ತು. ಆ ಕಛೇರಿ ಗೆದ್ದಿದ್ದರಲ್ಲಿ ಅವನ ಪಾಲು ಪಿಟೀಲಿನವರ ಪಾಲಿಗಿಂತ ಕಡಿಮೆಯಲ್ಲ. ಆಹ್ವಾನ ಪತ್ರಿಕೆಯಲ್ಲಿ ಮಾತ್ರ ಅವನ ಹೆಸರಿರಲಿಲ್ಲ.

ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ರಾಮನವಮಿಗೆ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವಾಗ ತಂಬೂರಿಯವರ ಹೆಸರಿನ ಕೆಳಗೆ ಸೌಂಡಿನವರ ಹೆಸರನ್ನೂ ಸೇರಿಸಿ. ಆರು ಗಂಟೆಯ ಕಛೇರಿಗೆ ಕಲಾವಿದರನ್ನು ಐದಕ್ಕೇ ಕರೆಯಿರಿ.