ಕುದುರೆಮುಖದ ಸ್ನೇಹ, ಭದ್ರೆಯ ಹೂಳು

ಕುದುರೆಮುಖದ ಕಬ್ಬಿಣದ ಗಣಿಯ ಕಥೆಯನ್ನು ನಾವು ಎರಡು ಬಗೆಯಲ್ಲಿ ಹೇಳುತ್ತ ಬಂದಿದ್ದೇವೆ. ವಿದೇಶಾಂಗ ನೀತಿಯ ಬಗ್ಗೆ ಬರೆಯುವವರಿಗೆ ಅದು ಭಾರತ, ಇರಾನ್ ಎಂಬ ತೃತೀಯ ಜಗತ್ತಿನ ಎರಡು ದೇಶಗಳ ಆದರ್ಶ ಸಹಕಾರ; 1979ರ ಇರಾನ್ ಕ್ರಾಂತಿ ಅದನ್ನು ಕೆಡಿಸಿತು. ಪರಿಸರದ ಬಗ್ಗೆ ಬರೆಯುವವರಿಗೆ ಅದು ಕಾಡಿಗೂ ಗಣಿಗೂ ನಡೆದ ಜಗಳ. 2002ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಮುಗಿಸಿತು. ಮೊದಲನೆಯದರಲ್ಲಿ ನದಿ ಇಲ್ಲ, ಎರಡನೆಯದರಲ್ಲಿ ಇರಾನ್ ಇಲ್ಲ. ನನ್ನ ತಕರಾರು ಇದೇ.

ತರೀಕೆರೆಯ ಕಡೆಯಿಂದ ನೋಡಿದರೆ ಇವೆರಡನ್ನೂ ಬೇರ್ಪಡಿಸಲಾಗದು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಈ ತಾಲ್ಲೂಕಿನದು. ಆ ಅಣೆಕಟ್ಟಿಗೆ ಬರುವ ಭದ್ರೆ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಗಣಿಯ ಮಣ್ಣೂ ಮಳೆಗಾಲದಲ್ಲಿ ಅದೇ ದಾರಿ ಹಿಡಿಯಿತು.

1973ರ ತೈಲ ಬೆಲೆಯೇರಿಕೆ ಷಾ ಆಡಳಿತದ ಇರಾನಿನ ಕೈಗೆ ಡಾಲರು ತುಂಬಿತು. ಹೆಸರಿಗೆ ಅದೂ ಅಭಿವೃದ್ಧಿಶೀಲ ದೇಶ. ಮಾತುಕತೆಯ ಮೇಜಿನಲ್ಲಿ ಮಾತ್ರ ಸಾಲ ಕೊಡುವ, ಸರಕು ಕೊಳ್ಳುವ ದೊಡ್ಡ ಶಕ್ತಿ. 1975ರ ಒಪ್ಪಂದದಂತೆ ಇರಾನಿನ ಸಾಲ 63 ಕೋಟಿ ಡಾಲರ್, ಪ್ರತಿಯಾಗಿ ಎರಡು ದಶಕಗಳಲ್ಲಿ 15 ಕೋಟಿ ಟನ್ ಸಾಂದ್ರೀಕೃತ ಅದಿರು. ಸ್ಥಾವರದ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಎಂದು ನಿಗದಿಯಾದದ್ದು ಈ ಲೆಕ್ಕದಿಂದಲೇ.

ಗಣಿಯ ಯೋಚನೆ ಇರಾನಿಗಿಂತ ಹಳೆಯದು, ಗುತ್ತಿಗೆ 1969ರದೇ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅಲ್ಲಿನ ಮ್ಯಾಗ್ನಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಸುಮಾರು ಶೇ 38. ಅರೆದು, ತೊಳೆದು, ಸಾಂದ್ರೀಕರಿಸಿದರಷ್ಟೇ ಬೆಲೆ. ಅದನ್ನು ಆ ಪ್ರಮಾಣದಲ್ಲಿ ಮಾಡುವ ಧೈರ್ಯ ಬಂದದ್ದು ಇರಾನಿನ ಹಣದಿಂದ. ಅತಿವೃಷ್ಟಿಯ ಆ ಬೆಟ್ಟವನ್ನು ಎಷ್ಟು ಅಗೆಯಬೇಕೆಂದು ತೀರ್ಮಾನಿಸಿದ್ದು ರಾಜತಾಂತ್ರಿಕತೆ. ಹೂಳಿನ ವಿಚಾರಣೆ ಅಲ್ಲಿಂದ ಶುರುವಾಗಬೇಕು.

'ಇರಾನ್ ಕೈಕೊಟ್ಟಿತು' ಎಂಬ ಮಾತೂ ನನಗೆ ಅರ್ಧಸತ್ಯ. 25.5 ಕೋಟಿ ಡಾಲರ್ ಕೊಟ್ಟು ಅದು ನಿಲ್ಲಿಸಿತು. ಉಳಿದದ್ದನ್ನು ಭಾರತ ಸರ್ಕಾರ ಹಾಕಿತು, 1980ರಲ್ಲಿ ಕೆಲಸ ಮುಗಿಯಿತು. ನಮ್ಮ ಎಂಜಿನಿಯರುಗಳ ಈ ಸಾಧನೆಯನ್ನು ನಾನು ಕಡೆಗಣಿಸುವವನಲ್ಲ. ಆದರೆ ಒಬ್ಬನೇ ಗಿರಾಕಿಗಾಗಿ ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಹೋಗುತ್ತಿತ್ತು. ಕುದುರೆಮುಖದ ಸರಕು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಮಂಗಳೂರಿನ ಕಡಲಿಗೆ. ಆ ನುಣ್ಣನೆ ಪುಡಿಯನ್ನು ಹಾಗೆಯೇ ಊದುಕುಲುಮೆಗೆ ಹಾಕುವಂತಿರಲಿಲ್ಲ. ಮಂಗಳೂರಿನಲ್ಲಿ ಅದನ್ನು ಉಂಡೆಗಟ್ಟುವ ಪೆಲೆಟ್ ಸ್ಥಾವರ ಬಂದದ್ದು 1987ರಲ್ಲಿ.

1955ರಲ್ಲಿ ಸೋವಿಯತ್ ಒಕ್ಕೂಟದೊಡನೆ ಆದ ಭಿಲಾಯಿ ಉಕ್ಕು ಸ್ಥಾವರದ ಒಪ್ಪಂದವನ್ನು ಇದರ ಪಕ್ಕದಲ್ಲಿಟ್ಟು ಹೊಗಳುವವರಿದ್ದಾರೆ. ಹೋಲಿಕೆ ನಿಲ್ಲುವುದಿಲ್ಲ. ಸೋವಿಯತ್ತರದೂ ಧರ್ಮಕಾರ್ಯವಲ್ಲ, ಅದು ಸಾಲವೇ. ಆದರೆ ಭಿಲಾಯಿಯ ಉಕ್ಕು ಇಲ್ಲಿನ ಹಳಿಯಾಯಿತು. ನೆರವು ಕೊಟ್ಟವನು ಎದ್ದು ಹೋದರೂ ಸರಕಿಗೆ ಮನೆಯಲ್ಲೇ ಬಳಕೆಯಿತ್ತು. ಕುದುರೆಮುಖದಲ್ಲಿ ಗಿರಾಕಿ ಹೋದ ಮೇಲೂ ಸ್ಥಾವರದ ಹಸಿವು ಉಳಿಯಿತು. ಹೊಸ ಕೊಳ್ಳುಗರನ್ನು ಹುಡುಕಿ ಅಗೆಯುತ್ತಲೇ ಇರಬೇಕಾಯಿತು. ಇದನ್ನು 'ದಕ್ಷಿಣ-ದಕ್ಷಿಣ ಸಹಕಾರ'ದ ದುರದೃಷ್ಟ ಎನ್ನುವವರು ಕರಾರಿನ ವಿನ್ಯಾಸವನ್ನು ಪ್ರಶ್ನಿಸದೆ ಬಿಟ್ಟಿದ್ದಾರೆ. ಪರಿಸರವಾದಿಗಳು, ಅವರ ಹೋರಾಟಕ್ಕೆ ಗೌರವ ಸಲ್ಲಿಸಿಯೇ ಹೇಳುತ್ತೇನೆ, ಗಣಿ ನಡೆಸಿದ ಕಂಪನಿಯೊಂದನ್ನೇ ಕಟಕಟೆಗೆ ಹತ್ತಿಸಿ ದೆಹಲಿ-ತೆಹ್ರಾನುಗಳನ್ನು ಹೊರಗೆ ಬಿಟ್ಟರು.

ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಪೆಲೆಟ್ ಸ್ಥಾವರ ನಿಲ್ಲಲಿಲ್ಲ. ಅದಕ್ಕೆ ಛತ್ತೀಸಗಢದ ಅದಿರನ್ನು ವಿಶಾಖಪಟ್ಟಣದಿಂದ ಹಡಗಿನಲ್ಲಿ ಮಂಗಳೂರಿಗೆ ತರಬೇಕಾಯಿತು.