ತಮಟೆಯ ಎರಡು ದನಿ: ಪೆರೇಸಂದ್ರ ಸೀಮೆಯ ಪ್ರತಿರೋಧ ಸಂಗೀತ

ಸಂಗೀತವನ್ನು ಸಾಂಸ್ಕೃತಿಕ ಪ್ರತಿರೋಧವಾಗಿ ಪರಿಭಾವಿಸುವ ಅಧ್ಯಯನಗಳಿಗೆ ಪ್ಯಾಲೆಸ್ಟೀನ್ ಒಂದು ಮುಖ್ಯ ನಿದರ್ಶನ. 1948ರಲ್ಲಿ ನೆಲೆ ಕಳೆದುಕೊಂಡ ಜನ ಮದುವೆಮನೆಯ ಹಾಡನ್ನೂ ದಬ್ಕೆ ಕುಣಿತವನ್ನೂ ತಮ್ಮ ಅಸ್ತಿತ್ವದ ಪುರಾವೆಯಾಗಿ ಉಳಿಸಿಕೊಂಡರು. 1979ರಲ್ಲಿ ಹುಟ್ಟಿದ ಎಲ್ ಫುನೂನ್ ತಂಡ ಅದನ್ನು ರಂಗಕ್ಕೆ ತಂದಿತು. ಅಲ್ಲಿ ಪರಂಪರೆಯನ್ನು ಕಾಯುವುದೇ ಪ್ರತಿರೋಧ. ಪೆರೇಸಂದ್ರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಸೀಮೆಯ ತಮಟೆಗೆ ಈ ಸೂತ್ರ ನೇರವಾಗಿ ಒಗ್ಗುವುದಿಲ್ಲ. ಏಕೆಂದರೆ ಇಲ್ಲಿ ಪರಂಪರೆಯೇ ಬಂಧನದ ಒಂದು ಭಾಗವಾಗಿತ್ತು.

ಬಳೆಗೆ ಚರ್ಮ ಬಿಗಿದು, ಬೆಂಕಿಗೆ ಕಾಯಿಸಿ, ಎರಡು ಕಡ್ಡಿಗಳಿಂದ ನುಡಿಸುವ ಈ ವಾದ್ಯವಿಲ್ಲದೆ ಊರಿನ ಜಾತ್ರೆಯಾಗಲಿ ಶವಯಾತ್ರೆಯಾಗಲಿ ನಡೆಯುತ್ತಿರಲಿಲ್ಲ. ಸಾರು ಹಾಕುವುದಕ್ಕೂ ಅದೇ ಬೇಕು. ಆದರೆ ನುಡಿಸುವವನ ವಾಸ ಊರಾಚೆಯ ಕೇರಿಯಲ್ಲಿ. ಅವನ ಕಲೆ ಜಾತಿ ವಿಧಿಸಿದ ಚಾಕರಿಯಾಗಿತ್ತು; ಒಲ್ಲೆನೆನ್ನುವ ಅವಕಾಶ ಅದರಲ್ಲಿರಲಿಲ್ಲ.

ಎಪ್ಪತ್ತರ ದಶಕದ ದಲಿತ ಚಳವಳಿ ಈ ಸಂಬಂಧವನ್ನು ಪ್ರಶ್ನಿಸಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಸಂಕಲನದ ರಚನೆಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಾಡಾದವು. ಅಂದಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರ ರಚನೆ, ಪಿಚ್ಚಳ್ಳಿ ಶ್ರೀನಿವಾಸರ ಕಂಠ ಈ ಧಾರೆಯನ್ನು ಬೆಳೆಸಿದವು. ಕನ್ನಡ ವಿಮರ್ಶೆ ಈ ಹಾಡುಗಳನ್ನು ಬಹುಮಟ್ಟಿಗೆ ಕಾವ್ಯವಾಗಿ ಓದಿತು. ಜೊತೆಗಿದ್ದ ಬಡಿತವನ್ನು ಹಿನ್ನೆಲೆಗೆ ಸರಿಸಿತು. ಇದರಿಂದ ಒಂದು ಮುಖ್ಯ ವಿರೋಧಾಭಾಸ ಗಮನಕ್ಕೆ ಬಾರದೆ ಹೋಯಿತು. ಊರ ಕೆಲಸಕ್ಕೆ ತಮಟೆ ಬಡಿಯುವುದಿಲ್ಲವೆಂಬ ನಿರಾಕರಣೆಯೂ, ಚಳವಳಿಯ ವೇದಿಕೆಯಲ್ಲಿ ಅದೇ ತಮಟೆಯನ್ನು ಎತ್ತಿ ಹಿಡಿಯುವ ಹೆಮ್ಮೆಯೂ ಒಂದೇ ಎಚ್ಚರದಿಂದ ಹುಟ್ಟಿದವು. ಗತ್ತು ಬದಲಾಗಬೇಕಿರಲಿಲ್ಲ, ಕರೆಯುವವರು ಯಾರು, ನುಡಿಸುವವನು ಯಾರಿಗಾಗಿ ನುಡಿಸುತ್ತಾನೆ ಎಂಬುದು ಬದಲಾಯಿತು. ಹೀಗಾಗಿ ಪ್ರತಿರೋಧವು ವಾದ್ಯದ ಸಹಜ ಗುಣವಲ್ಲ, ನುಡಿಸುವವನ ಆಯ್ಕೆಯಲ್ಲಿದೆ.

ಈ ಧಾರೆಯ ಸಾಧನೆಯನ್ನು ಉತ್ಪ್ರೇಕ್ಷಿಸುವುದೂ ಸಲ್ಲದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಡಲಾಯಿತು. 2006ರಲ್ಲಿ ಆರೋಪಿಗಳು ಖುಲಾಸೆಗೊಂಡರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಕಾಲು ಶತಮಾನದ ಹಾಡು ಆ ಬೆಂಕಿಯನ್ನು ತಡೆಯಲಾಗಲಿಲ್ಲ. ಹಾಡಿಗೆ ಸಾಧ್ಯವಿರುವುದು ನ್ಯಾಯ ದೊರಕಿಸುವುದಲ್ಲ, ಅನ್ಯಾಯ ಸಹಜವೆನಿಸದಂತೆ ನೋಡಿಕೊಳ್ಳುವುದು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದಿತು. ಚಾಕರಿಯೆನಿಸಿದ್ದುದು ಕಲೆಯೆಂದು ಮನ್ನಣೆ ಪಡೆದದ್ದು ಸಣ್ಣ ಸಂಗತಿಯಲ್ಲ. ಆದರೆ ತಮಟೆಗೆ ದೊರೆತ ಗೌರವವು, ಅದನ್ನು ಬಡಿಯಲು ಒಲ್ಲೆನೆನ್ನುವ ಹಳ್ಳಿಯ ಯುವಕನಿಗೂ ದೊರೆಯುವುದೇ ಎಂಬುದು ಈ ಸಂಗೀತದ ಅಧ್ಯಯನ ಕೈಬಿಡಬಾರದ ಪ್ರಶ್ನೆ.