ಗೋಲು ಹೊಡೆಯುವವರು ಯಾರು?

೨೦೨೫ರ ಏಪ್ರಿಲ್ ೧೨ರಂದು ಕೋಲ್ಕತ್ತದಲ್ಲಿ ಬೆಂಗಳೂರು ಎಫ್‌ಸಿ ಮೋಹನ್ ಬಗಾನ್ ಎದುರು ೨-೧ರಿಂದ ಫೈನಲ್ ಸೋತಾಗಿನಿಂದ ನಮ್ಮ ಸಂಘದ ಮಿತ್ರರ ಬಾಯಲ್ಲಿ ಒಂದೇ ಮಾತು: ಫಾರ್ವರ್ಡ್‌ಗಳು ಸಿಕ್ಕ ಅವಕಾಶವನ್ನೆಲ್ಲ ಹಾಳುಮಾಡಿದರು ಎಂದು. ಈ ಬೈಗುಳದಲ್ಲಿ ಅರ್ಧ ಸತ್ಯವುಂಟು. ನಮ್ಮ ಲೆಕ್ಕಕ್ಕೆ ಬಂದ ಒಂದೇ ಗೋಲನ್ನು ಹೊಡೆದದ್ದು ಎದುರಾಳಿ ರಕ್ಷಕ ಆಲ್ಬರ್ಟೊ ರೊಡ್ರಿಗಸ್, ಅದೂ ತನ್ನದೇ ಬಲೆಗೆ! ಮುಂದಿದ್ದ ತಂಡ ಎರಡನೆಯ ಗೋಲು ಹೊಡೆಯಲಾರದೆ ಹೋದರೆ, ಕಮಿಂಗ್ಸ್‌ನ ಪೆನಾಲ್ಟಿಯೂ ಹೆಚ್ಚುವರಿ ವೇಳೆಯಲ್ಲಿ ಮೆಕ್ಲಾರನ್‌ನ ಗೋಲೂ ಬಂದದ್ದರಲ್ಲಿ ಆಶ್ಚರ್ಯವೇನು?

ಆದರೆ ಬೈಯುವುದು ಯಾರನ್ನು? ಆ ಸಾಲಿನ ಲೀಗಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, ೧೪ ಗೋಲು ಹೊಡೆದವರು ನಲವತ್ತು ವರ್ಷದ ಸುನಿಲ್ ಛೇತ್ರಿ. (ಕಚೇರಿಯಲ್ಲಿ ಆ ವಯಸ್ಸಿನ ನಾವು ಒಂದು ಮಹಡಿಗೂ ಲಿಫ್ಟ್ ಕಾಯುತ್ತೇವೆ.) ನಮ್ಮ ದಿಲ್ಲಿಯ ಸಿಟಿ ಕ್ಲಬ್ಬಿನಲ್ಲಿ ಆಡಿ ಮೇಲೆ ಬಂದವರು. ಅವರ ಹಿಂದೆ ಯಾರಿದ್ದಾರೆ? ಕ್ಲಬ್ಬುಗಳು ಗೋಲಿನ ಮುಂದಿನ ಜಾಗವನ್ನು ಹೆಚ್ಚಾಗಿ ವಿದೇಶಿಯರಿಗೆ ಕೊಟ್ಟು ನಮ್ಮ ಹುಡುಗರನ್ನು ಅಂಚಿಗೆ ಕಳಿಸುತ್ತವೆ. ಮಿಕು ಇದ್ದಾಗ ಛೇತ್ರಿಯವರೇ ಎಷ್ಟೋ ಪಂದ್ಯ ಎಡಪಕ್ಕದಲ್ಲಿ ಆಡಿದರು. ಅಭ್ಯಾಸವಿಲ್ಲದ ಕಾಲು ಆ ಗಳಿಗೆಯಲ್ಲಿ ತಡವರಿಸದೆ ಇದ್ದೀತೆ?

೨೦೨೪ರ ಜನವರಿಯಲ್ಲಿ ಕತಾರಿನ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರು ಭಾರತ ಒಂದು ಗೋಲನ್ನೂ ಹೊಡೆಯಲಿಲ್ಲ. ಜೂನ್‌ನಲ್ಲಿ ಭಾರತ ತಂಡದಿಂದ ನಿವೃತ್ತರಾದ ಛೇತ್ರಿಯವರನ್ನು ೨೦೨೫ರ ಮಾರ್ಚಿನಲ್ಲಿ ಮತ್ತೆ ಕರೆಸಬೇಕಾಯಿತು. ಬಂದವರು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು. ಆರು ದಿನ ಕಳೆದು ಅಲ್ಲಿಯೇ ಬಾಂಗ್ಲಾದೇಶದೆದುರು ಮತ್ತೆ ಸೊನ್ನೆ.